ಸರ್ಕಾರಿ ವಕೀಲರ ಬಿಲ್ಲಿನ ಪಕ್ಕ ಬಡ್ಡಿಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಸರ್ಕಾರ ದಿಲ್ಲಿಯ ದೊಡ್ಡ ವಕೀಲರಿಗೆ ಇಷ್ಟು ಫೀ ಕೊಟ್ಟಿತು ಅಂತ ಸುದ್ದಿ ಬಂದರೆ ದಾವಣಗೆರೆಯ ಚಹಾ ಅಂಗಡಿಗಳಲ್ಲಿ ಎರಡು ದಿನ ಅದೇ ಮಾತು. ಕಾವೇರಿ, ಕೃಷ್ಣಾದಂಥ ಕೇಸಿಗೆ ಒಳ್ಳೆಯ ವಕೀಲರು ಬೇಕು, ಅದಕ್ಕೆ ದುಡ್ಡೂ ಬೇಕು. ನನ್ನ ತಕರಾರು ಅದಲ್ಲ. ಇಲ್ಲೇ, ಜಿಲ್ಲಾ ಕೋರ್ಟುಗಳಲ್ಲಿ ಸುಮ್ನೆ ಸೋರಿಹೋಗುವ ದುಡ್ಡಿನದು.

ಚಿತ್ರದುರ್ಗ ಜಿಲ್ಲೆಯಲ್ಲಿರುವ ನಮ್ಮ ಭಾವನ ಹೊಲದಲ್ಲಿ ಕಾಲುವೆ ಹಾದುಹೋಯಿತು. ಪರಿಹಾರ ಕಡಿಮೆ ಆಯಿತು ಅಂತ ಕೋರ್ಟಿಗೆ ಹೋದರು. ಅವರ ಜೊತೆ ನಾನೂ ಎಷ್ಟೋ ವಾಯಿದೆಗೆ ಹೋಗಿದ್ದೇನೆ. ಒಂದು ಸಲ ಇಲಾಖೆಯಿಂದ ಕಡತ ಬಂದಿಲ್ಲ, ಇನ್ನೊಂದು ಸಲ ನಮ್ಮ ಅರ್ಜಿಯ ಒಂದೊಂದು ಅಂಶಕ್ಕೂ ಇಲಾಖೆ ಕೊಡಬೇಕಾದ ಉತ್ತರ ಬಂದಿಲ್ಲ, ಮತ್ತೊಂದು ಸಲ ಸರ್ಕಾರಿ ವಕೀಲರೇ ಬದಲಾಗಿದ್ದಾರೆ, ಹೊಸಬರ ಕೈಗೆ ಇನ್ನೂ ವಕಾಲತ್ತು ಸಿಕ್ಕಿಲ್ಲ. ಪ್ರತಿ ಸಲ 'ಟೈಂ ಕೊಡಿ ಸ್ವಾಮಿ'. ಆ ವಕೀಲರನ್ನು ಬೈದುಕೊಂಡೇ ಓಡಾಡುತ್ತಿದ್ದೆವು. ಒಂದು ದಿನ ಅವರೇ ಎದುರಿಗೆ ಸಿಕ್ಕಿ, ಹಳೇ ಕೇಸುಗಳ ಬಿಲ್ಲೇ ಪಾಸಾಗಿಲ್ಲ, ಜೆರಾಕ್ಸ್ ಖರ್ಚೂ ನಮ್ಮ ಜೇಬಿನದೇ ಅಂದರು. ಆಮೇಲೆ ಬೈಯೋಕೂ ಮನಸ್ಸು ಬರಲಿಲ್ಲ ಬಿಡಿ.

ಈಗ ಲೆಕ್ಕ ನೋಡಿ. ಭೂಸ್ವಾಧೀನದಲ್ಲಿ ಕೋರ್ಟ್ ಹೆಚ್ಚಿಸಿದ ಪರಿಹಾರಕ್ಕೆ ಮೊದಲ ವರ್ಷ ಶೇ 9, ಆಮೇಲೆ ಶೇ 15 ಬಡ್ಡಿ. 1894ರ ಹಳೇ ಕಾಯ್ದೆಯಲ್ಲೂ ಹೀಗೇ ಇತ್ತು, 2013ರ ಹೊಸದರಲ್ಲೂ ಹೀಗೇ ಇದೆ. 10 ಲಕ್ಷ ಹೆಚ್ಚಾಯಿತು ಅಂದುಕೊಳ್ಳಿ, ಮೊದಲ ವರ್ಷ ಕಳೆದ ಮೇಲೆ ಕೇಸ್ ಎಳೆದ ಒಂದೊಂದು ವರ್ಷಕ್ಕೂ ಸರ್ಕಾರಕ್ಕೆ ಒಂದೂವರೆ ಲಕ್ಷ ಬರೀ ಬಡ್ಡಿ. ವಕೀಲರ ಬಿಲ್ಲಿನಲ್ಲಿ ನಾಲ್ಕು ಕಾಸು ಹಿಡಿದಿಟ್ಟು ಬಡ್ಡಿಯಲ್ಲಿ ಲಕ್ಷ ಕಳೆಯುವುದು ಯಾವ ಉಳಿತಾಯ? ಫೀ ಒಂದು ಲೆಕ್ಕದಲ್ಲಿ ಬರೆಯುತ್ತಾರೆ, ಬಡ್ಡಿ ಇನ್ನೊಂದರಲ್ಲಿ, ಎರಡನ್ನೂ ಜೋಡಿಸಿ ನೋಡುವವರಿಲ್ಲ. ಬಿಲ್ಲಿಗೆ ವೋಚರ್ ಇದ್ದರೆ ಆಡಿಟ್ ಮುಗಿಯಿತು, ಕೇಸ್ ಯಾಕೆ ಸೋತಿತು ಅಂತ ಕೇಳೋದು ಯಾರು?

ವಕೀಲರ ಆಯ್ಕೆಯ ಕಥೆಯೂ ಇದೆ. ಸರ್ಕಾರಿ ಪ್ಲೀಡರ್‌ಗಳ ನೇಮಕಕ್ಕೆ ನಮ್ಮ ರಾಜ್ಯದಲ್ಲಿ 1977ರಿಂದ ನಿಯಮಗಳಿವೆ. ಪಂಜಾಬಿನ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ 2016ರಲ್ಲೇ, ಸರ್ಕಾರಿ ವಕೀಲರಿಗೆ ಕೊಡೋದು ಜನರ ದುಡ್ಡು, ಆಯ್ಕೆ ಮನಸ್ಸಿಗೆ ಬಂದ ಹಾಗೆ ಇರಬಾರದು ಅಂದಿತು. ಆದರೂ ಸರ್ಕಾರ ಬದಲಾದ ಕೂಡಲೇ ವಕೀಲರ ಪಟ್ಟಿಯೂ ಬದಲಾದರೆ ನಮಗೇನೂ ಆಶ್ಚರ್ಯ ಆಗೋದಿಲ್ಲ, ಅಲ್ವಾ?

ನಾನು ಕೇಳುವುದು ಇಷ್ಟೇ. ಪಾಲಿಕೆ, ನಿಗಮ, ಇಲಾಖೆ ಯಾವುದೇ ಇರಲಿ, ಯಾವ ಕೇಸಿಗೆ ಯಾವ ವಕೀಲರು, ಎಷ್ಟು ಫೀ, ಬಿಲ್ ಕೊಟ್ಟಿದ್ದು ಯಾವಾಗ, ಪಾಸಾಗಿದ್ದು ಯಾವಾಗ, ಕೇಸ್ ಏನಾಯಿತು, ಬಡ್ಡಿ ಎಷ್ಟು ಕಟ್ಟಿದಿರಿ, ಇಷ್ಟನ್ನು ವರ್ಷಕ್ಕೊಮ್ಮೆ ಒಂದೇ ಪಟ್ಟಿಯಲ್ಲಿ ಹಾಕಲಿ. ವಕೀಲರು ಕೊಟ್ಟ ಸಲಹೆ ಗುಟ್ಟಾಗಿರಲಿ, ಫೀ ಯಾಕೆ ಗುಟ್ಟು? 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಖರ್ಚಿನ ವಿವರ ಯಾರೂ ಕೇಳದೆಯೇ ಪ್ರಕಟಿಸಬೇಕು.

ಹಾಗೆ ಪ್ರಕಟಿಸುತ್ತಾರೆ ಅನ್ನುವ ನಂಬಿಕೆ ಇಲ್ಲದ್ದಕ್ಕೆ 10 ರೂಪಾಯಿಯ ಅರ್ಜಿಯನ್ನೂ ಹಾಕಿದ್ದೇನೆ. 30 ದಿನ ಕಾಯಬೇಕು. ಭಾವನ ಮುಂದಿನ ವಾಯಿದೆ ಅದಕ್ಕೂ ಮೊದಲೇ ಇದೆ. ಅವತ್ತು ಕಡತ ಬಂದಿದ್ದರೆ ಬೆಣ್ಣೆ ದೋಸೆ ನನ್ನ ಲೆಕ್ಕ ಅಂತ ಅವರಿಗೆ ಹೇಳಿದ್ದೇನೆ.

ಇತಿ,
ಒಬ್ಬ ಓದುಗ, ದಾವಣಗೆರೆ