ಚಿಮಣಿಯ ಬುಡದಲ್ಲಿ ನೂಲಿದವರ ಕಥೆಯೂ ಇರಲಿ: ಡಂಡೀ ನಗರದ ಲಾರ್ಡ್ ಪ್ರೊವೋಸ್ಟ್ (ನಮ್ಮಲ್ಲಿಯ ಮೇಯರ್‌ನಂಥವರು) ಅವರಿಗೆ ಬಹಿರಂಗ ಪತ್ರ

ಮಾನ್ಯ ಲಾರ್ಡ್ ಪ್ರೊವೋಸ್ಟ್ ಅವರೇ,

ನಮಸ್ಕಾರ. ನಾನು ಬ್ಯಾಡಗಿಯವಳು. ಸ್ಕಾಟ್ಲೆಂಡಿನ ನಿಮ್ಮ ಡಂಡೀ ನಗರಕ್ಕೆ ಬಂದು ಒಂಬತ್ತು ವರ್ಷವಾಯಿತು. ವಯಸ್ಸಾದವರ ಮನೆಗಳಿಗೆ ಹೋಗಿ ಅವರ ಆರೈಕೆ ಮಾಡುವುದು ನನ್ನ ಉದ್ಯೋಗ. ಈ ಪತ್ರದ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಬರುತ್ತದೆ. ಮೊದಲು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಇದನ್ನು ಬರೆಯಬೇಕೆಂದು ನನಗೆ ಅನ್ನಿಸಿದ್ದು ನಮ್ಮ ಒಂದು ಶಬ್ದದಿಂದ: ಗೋಣಿ.

ಲೊಖೀ ಬಡಾವಣೆಯಲ್ಲಿ ನಾನು ನೋಡಿಕೊಳ್ಳುವ ಅಜ್ಜಿಯೊಬ್ಬರಿಗೆ ತೊಂಬತ್ತು ದಾಟಿದೆ. ಹದಿನೈದರ ವಯಸ್ಸಿಗೇ ಸೆಣಬಿನ ಗಿರಣಿ ಸೇರಿದವರು. ಕಿವಿ ಪೂರ್ತಿ ಹೋಗಿದೆ. ಯಂತ್ರಗಳ ಆರ್ಭಟದಲ್ಲಿ ಪಕ್ಕದವಳ ಕೂಗೂ ಕೇಳುತ್ತಿರಲಿಲ್ಲವಾದ್ದರಿಂದ ಇಲ್ಲಿಯ ಗಿರಣಿ ಹೆಂಗಸರು ತುಟಿ ನೋಡಿ, ಕೈಸನ್ನೆ ಮಾಡಿ ಮಾತಾಡುವುದನ್ನು ಕಲಿತಿದ್ದರು. ನನ್ನ ಉಚ್ಚಾರಣೆ ತಿಳಿಯದೆ ಅಂಗಡಿಯವರು ಎರಡೆರಡು ಸಲ ಕೇಳುತ್ತಾರೆ. ಈ ಅಜ್ಜಿಗೆ ಒಂದೇ ಸಲ ಸಾಕು. ಒಮ್ಮೆ ನಮ್ಮೂರ ಮೆಣಸಿನಕಾಯಿ ಮಾರುಕಟ್ಟೆಯ ಚಿತ್ರ ತೋರಿಸಿ, ಸಾಲಾಗಿ ನಿಲ್ಲಿಸಿದ ಚೀಲಗಳ ಮೇಲೆ ಬೆರಳಿಟ್ಟು ‘ಗೋಣಿ’ ಎಂದೆ. ನನ್ನ ತುಟಿಯನ್ನೇ ನೋಡುತ್ತಿದ್ದವರು ಕೂಡಲೇ ‘ಗನಿ’ ಎಂದರು; ಗೋಣಿಗೆ ಇಂಗ್ಲಿಷಿನ ಶಬ್ದ ಅದು. ಆಮೇಲೆ ಹೆಬ್ಬೆರಳು, ತೋರುಬೆರಳುಗಳ ನಡುವೆ ಕಾಣದ ಎಳೆಯೊಂದನ್ನು ಹಿಡಿದು ಹೊಸೆದು ತೋರಿಸಿದರು. ಕೆಲಸ ಬಿಟ್ಟು ನಲವತ್ತು ವರ್ಷವಾದರೂ ಬೆರಳು ಮರೆತಿಲ್ಲ.

ಅವರ ಮುತ್ತಜ್ಜಿ ಕೈಗೂಸಾಗಿದ್ದಾಗ ಐರ್ಲೆಂಡಿನ ಕ್ಯಾವನ್ ಸೀಮೆಯಿಂದ ಇಲ್ಲಿಗೆ ಬಂದವರು. ಆ ಸೀಮೆಯಲ್ಲಿ ಮನೆಮನೆಯ ಹೆಂಗಸರೂ ನಾರಗಸೆಯ (ಲಿನನ್ ಬಟ್ಟೆಯ ನಾರು ಕೊಡುವ ಗಿಡ) ನೂಲು ನೂಲಿ ನಾಲ್ಕು ಕಾಸು ಕಾಣುತ್ತಿದ್ದರು. ಗಿರಣಿ ನೂಲು ಬಂದು ಆ ಸಂಪಾದನೆಯನ್ನು ಕಸಿಯಿತು; 1845ರಿಂದ ಆಲೂಗಡ್ಡೆಗೆ ಬಿದ್ದ ರೋಗ ಅನ್ನವನ್ನೂ ಕಸಿಯಿತು. ಬೇರೆ ಊರುಗಳಿಗೆ ಹೋದ ಐರಿಷರಲ್ಲಿ ಮಣ್ಣು ಹೊರುವ, ಕಾಲುವೆ ತೋಡುವ ಗಂಡಸರೇ ಎದ್ದು ಕಾಣುತ್ತಾರೆ. ಡಂಡೀಗೆ ಬಂದವರಲ್ಲಿ ಹೆಂಗಸರೇ ಹೆಚ್ಚು, ಏಕೆಂದರೆ ಕೆಲಸವಿದ್ದದ್ದು ಅವರ ಬೆರಳುಗಳಿಗೆ. 1851ರ ಜನಗಣತಿಯ ಹೊತ್ತಿಗೆ ಈ ಊರಿನ ಐವರಲ್ಲಿ ಹೆಚ್ಚುಕಡಿಮೆ ಒಬ್ಬರು ಐರ್ಲೆಂಡಿನಲ್ಲಿ ಹುಟ್ಟಿದವರು. ಲೊಖೀಯ ಅವರ ಕೇರಿಗೆ ಊರವರು ಐರ್ಲೆಂಡಿನ ಸೀಮೆಯೊಂದರ ಹೆಸರು ಹಿಡಿದು ‘ಪುಟ್ಟ ಟಿಪ್ಪರರಿ’ ಎಂದೇ ಕರೆದರು.

ಈ ಐರಿಷರು ದುಡಿದ ಲೊಖೀಯ ಕ್ಯಾಂಪರ್‌ಡೌನ್ ಕಾರ್ಖಾನೆಯ ಮಾಲೀಕರು ಕಾಕ್ಸ್ ಸಹೋದರರು. ಒಂದು ಕಾಲಕ್ಕೆ ಅದು ಜಗತ್ತಿನ ಅತಿ ದೊಡ್ಡ ಸೆಣಬಿನ ಕಾರ್ಖಾನೆ. ಸುಮಾರು 5,000 ಮಂದಿಗೆ ಕೆಲಸ, ಒಳಗೇ ರೈಲು ಹಳಿ, ಅರ್ಧ ದಿನ ದುಡಿದು ಅರ್ಧ ದಿನ ಓದುವ ಮಕ್ಕಳಿಗೆ ಶಾಲೆ. ಬಂಗಾಳದ ರೈತ ಕೊಳೆಹಾಕಿ, ಸುಲಿದು, ಒಣಗಿಸಿದ ನಾರು ಕಲ್ಕತ್ತೆಯಿಂದ ಹಡಗೇರಿ ಬರುತ್ತಿತ್ತು. ಒರಟಾದ ಆ ನಾರನ್ನು ತಿಮಿಂಗಿಲದ ಎಣ್ಣೆ, ನೀರು ಬೆರೆಸಿ ಮೆದುವಾಗಿಸಿದ ಮೇಲೆಯೇ ಅದು ನೂಲುವ ಯಂತ್ರಕ್ಕೆ ಒಗ್ಗುತ್ತಿದ್ದದ್ದು. ಧೂಳು, ಎಣ್ಣೆಯ ಜಿಡ್ಡು, ಸಾಲದ್ದಕ್ಕೆ ಸದ್ದು. ಗಿರಣಿ ಹೆಂಗಸರಲ್ಲಿಯೂ ಮೇಲುಕೀಳು ಇತ್ತು. ಮಗ್ಗ ನಡೆಸುವ ನೇಯ್ಗೆಯವರು ಟೋಪಿ, ಕೈಗವಸು ತೊಟ್ಟು ಕೆಲಸಕ್ಕೆ ಬರುತ್ತಿದ್ದರು. ನೂಲುವವರು ತಲೆಗೆ ಶಾಲು ಹೊದ್ದು ಬರುತ್ತಿದ್ದರು. ನೂಲುವ ಸಾಲಿನಲ್ಲಿ ಐರಿಷ್ ಹೆಂಗಸರು ತುಂಬಿದ್ದರು. ಜಾತಿಯ ಗೆರೆಗಳನ್ನು ಕಂಡು ಬೆಳೆದ ನನಗೆ ಆ ಶಾಲಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಆದರೂ ಊರನ್ನು ಹೊತ್ತವರು ಅವರೇ. ಗಂಡಸರಾದ ಹುಡುಗರಿಗೆ ಹೆಚ್ಚು ಕೂಲಿ ಕೊಡಬೇಕಾಗುತ್ತದೆಂದು ಗಿರಣಿಗಳು ಅವರನ್ನು ಹೊರಗೆ ಹಾಕುತ್ತಿದ್ದವು. ಹೆಂಡತಿ ದುಡಿಯಲು ಹೋದಾಗ ಮನೆಯಲ್ಲಿ ಒಲೆಯ ಮುಂದೆ ಉಳಿದ ಗಂಡನನ್ನು ಇಲ್ಲಿಯವರು ‘ನೀರು ಕಾಯಿಸುವವನು’ ಎಂದು ಕರೆದರು. 1906ರಲ್ಲಿ ಸೆಣಬು ಮತ್ತು ನಾರಗಸೆ ಕಾರ್ಮಿಕರ ಸಂಘ ಕಟ್ಟಿದಾಗ ಅದರ ಬಲವೂ ಹೆಂಗಸರೇ.

ಲಾರ್ಡ್ ಪ್ರೊವೋಸ್ಟ್ ಅವರೇ, 1872ರಿಂದ 1875ರವರೆಗೆ ಈ ಊರಿನ ಪ್ರೊವೋಸ್ಟ್ ಆಗಿದ್ದವರು ಜೇಮ್ಸ್ ಕಾಕ್ಸ್, ಅದೇ ಕ್ಯಾಂಪರ್‌ಡೌನ್ ಮಾಲೀಕರಲ್ಲೊಬ್ಬರು. ನೀವು ಕುಳಿತಿರುವ ಪೀಠ ಅವರದೂ ಆಗಿತ್ತು. ಕಾರ್ಖಾನೆ 1981ರಲ್ಲಿ ಮುಚ್ಚಿತು; 282 ಅಡಿಯ ಬಣ್ಣದ ಇಟ್ಟಿಗೆಯ ಚಿಮಣಿ ಇಂದಿಗೂ ನಿಂತಿದೆ, ಹೆಸರು ‘ಕಾಕ್ಸ್ ಸ್ಟ್ಯಾಕ್’. ಅದು ಏಳುತ್ತಿದ್ದ 1865, 1866ರಲ್ಲಿಯೇ ಲೊಖೀಯ ಕ್ಯಾಥೊಲಿಕರ ಸೇಂಟ್ ಮೇರಿ ಚರ್ಚೂ ಏಳುತ್ತಿತ್ತು. ಗಿರಣಿಯಲ್ಲಿ ಕೂಲಿ ಪಡೆದು ಭಾನುವಾರ ಅಲ್ಲಿ ಮಂಡಿಯೂರುತ್ತಿದ್ದವರು ಇದೇ ಐರಿಷ್ ಮಂದಿ.

ಚಿಮಣಿಗೆ ಮಾಲೀಕರ ಹೆಸರಿರುವುದು ನನಗೆ ಬೇಸರವಲ್ಲ. ಅದರ ಬುಡದಲ್ಲಿ ಹೆಂಗಸರ ಕಥೆಯನ್ನೂ ಕಲ್ಲಿನಲ್ಲಿ ಕೆತ್ತಿಸಿ ಎಂದು ಕೇಳುತ್ತಿದ್ದೇನೆ. ಇಂಗ್ಲಿಷಿನ ಜೊತೆಗೆ ಐರಿಷ್ ಭಾಷೆಯಲ್ಲಿ ಇರಲಿ. ನಾರು ಬೆಳೆದವರಿಗಾಗಿ ಬಂಗಾಳಿಯಲ್ಲಿಯೂ ಇರಲಿ. ವರ್ಡಂಟ್ ವರ್ಕ್ಸ್ ವಸ್ತುಸಂಗ್ರಹಾಲಯ ಸೆಣಬಿನ ಚರಿತ್ರೆಯನ್ನು ಚೆನ್ನಾಗಿ ಹೇಳುತ್ತದೆ, ನಾನು ಎರಡು ಸಲ ನೋಡಿದ್ದೇನೆ. ಆದರೆ ಅದು ಇರುವುದು ಲೊಖೀಯಲ್ಲಲ್ಲ. ಕಾಲು ಸೋತವರು, ಮಕ್ಕಳನ್ನು ಶಾಲೆಗೆ ಬಿಟ್ಟು ಓಡುವ ತಾಯಂದಿರು ತಮ್ಮ ಬೀದಿಯಲ್ಲೇ ನಿಂತು ಓದುವಂತಾಗಬೇಕು.

ಇನ್ನೊಂದು ಕೋರಿಕೆ, ಇದಕ್ಕೆ ಅವಸರವಿದೆ. ಆ ಕೈಸನ್ನೆ, ಆ ತುಟಿಮಾತು ಬಲ್ಲವರು ಈಗ ಬೆರಳೆಣಿಕೆಯಷ್ಟು. ದನಿಯ ಮುದ್ರಣ ಅದಕ್ಕೆ ಸಾಲದು, ಕ್ಯಾಮೆರಾ ಬೇಕು. ಕೈ, ಮುಖ ಎರಡೂ ಕಾಣಬೇಕು. ಲೊಖೀಯ ಶಾಲೆಯ ಮಕ್ಕಳನ್ನೇ ಈ ಕೆಲಸಕ್ಕೆ ಕಳುಹಿಸಿ.

ತಾವೇ ಬರುವುದಾದರೆ ಇನ್ನೂ ಸಂತೋಷ. ನಾನು ಹೇಳಿದ ಅಜ್ಜಿಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ, ಅವರು ಒಪ್ಪಿದ್ದಾರೆ. ಮಧ್ಯಾಹ್ನ ಹನ್ನೆರಡರೊಳಗೆ ಬನ್ನಿ, ಊಟವಾದ ಮೇಲೆ ಅವರಿಗೆ ನಿದ್ದೆ ಬರುತ್ತದೆ. ಕಿಟಕಿಗೆ ಬೆನ್ನು ಹಾಕಿ ಕೂರಬೇಡಿ, ನಿಮ್ಮ ಮುಖದ ಮೇಲೆ ಬೆಳಕು ಬೀಳಬೇಕು.

ಇಂತಿ ತಮ್ಮ ವಿಶ್ವಾಸಿ,
ಡಂಡೀಯಲ್ಲಿರುವ ಬ್ಯಾಡಗಿಯ ಮಗಳು