ಬಣ್ಣಕ್ಕಿಂತ ಮೊದಲು ಕಾಲು ನೋಡಿ

ಮಾನ್ಯ ಸಂಪಾದಕರೇ,

ಬ್ರಿಟನ್ನಿನ ಸ್ಥಳೀಯ ಕೀಟಗಳನ್ನು ಗುರುತಿಸುವ ಬಗೆ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಸೊಗಸಾಗಿತ್ತಾದರೂ, ಮೈಬಣ್ಣಕ್ಕೂ ಚುಕ್ಕೆಗಳ ಎಣಿಕೆಗೂ ಅದು ಅತಿಯಾದ ಒತ್ತು ಕೊಟ್ಟದ್ದು ಸರಿಯೆನಿಸಲಿಲ್ಲ. ಹೊರಗಿನಿಂದ ಬಂದ ಕೆಲವು ಕೀಟಗಳು ಅಲ್ಲಿನ ಮೂಲ ಕೀಟಗಳನ್ನೇ ಹೋಲುವುದರಿಂದ, ಬಣ್ಣವೊಂದನ್ನೇ ನಂಬಿದವರು ಎಡವುತ್ತಾರೆ.

ಏಳು ಚುಕ್ಕೆಯ ಗುಲಗಂಜಿ ಹುಳುವನ್ನು ಯಾರು ಬೇಕಾದರೂ ಗುರುತಿಸಬಲ್ಲರು. ತೊಡಕಿರುವುದು ಎರಡು ಚುಕ್ಕೆಯದರಲ್ಲಿ. ಕೆಂಪು ಮೈಮೇಲೆ ಎರಡು ಕಪ್ಪು ಚುಕ್ಕೆಗಳಿರುವುದು ಅದರ ಸಾಮಾನ್ಯ ರೂಪವಾದರೂ, ಕಪ್ಪು ಮೈಮೇಲೆ ಕೆಂಪು ಚುಕ್ಕೆಗಳಿರುವ ರೂಪವೂ ಉಂಟು. 2004ರಲ್ಲಿ ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡ ಏಷ್ಯಾ ಮೂಲದ ಹಾರ್ಲೆಕ್ವಿನ್ ಗುಲಗಂಜಿಯೂ ಇದೇ ವೇಷದಲ್ಲಿ ಸಿಗುತ್ತದೆ. ಹುಳುವನ್ನು ಗಾಜಿನ ಶೀಶೆಯೊಳಗೆ ಬಿಟ್ಟು ಅಡಿಯಿಂದ ನೋಡಿದರೆ ಗೊಂದಲ ಬಹುಮಟ್ಟಿಗೆ ತೀರುತ್ತದೆ: ಎರಡು ಚುಕ್ಕೆಯದರ ಕಾಲು ಕಪ್ಪು, ಹಾರ್ಲೆಕ್ವಿನ್ನಿನದು ಸಾಮಾನ್ಯವಾಗಿ ಕಂದು. ಸ್ಥಳೀಯ ಹುಳು 4–5 ಮಿಲಿಮೀಟರ್ ಉದ್ದವಿದ್ದರೆ, ಹಾರ್ಲೆಕ್ವಿನ್ 8 ಮಿಲಿಮೀಟರ್‌ವರೆಗೂ ಬೆಳೆಯುತ್ತದೆ.

ಕಾಲಿನ ಲಕ್ಷಣ ಇನ್ನೂ ಮುಖ್ಯವಾಗುವುದು ಹಾರ್ನೆಟ್ ಎಂಬ ದೊಡ್ಡ ಕಣಜಗಳ ವಿಷಯದಲ್ಲಿ. 2016ರಲ್ಲಿ ಗ್ಲಾಸ್ಟರ್‌ಶೈರಿನ ಟೆಟ್‌ಬರಿಯಲ್ಲಿ ಪತ್ತೆಯಾದ, ಜೇನುನೊಣಗಳನ್ನು ಬೇಟೆಯಾಡುವ ಏಷ್ಯನ್ ಹಾರ್ನೆಟ್ಟಿನ ಭಯದಲ್ಲಿ ಸ್ಥಳೀಯ ಹಾರ್ನೆಟ್ಟನ್ನು ಹೊಡೆದು ಹಾಕುವುದು ಅನ್ಯಾಯ. ಸ್ಥಳೀಯದು ಅದಕ್ಕಿಂತ ದೊಡ್ಡದು. ಹೊಟ್ಟೆಯ ಬಹುಭಾಗ ಹಳದಿ, ಕಾಲು ಕಂದು. ಏಷ್ಯನ್ ಹಾರ್ನೆಟ್ಟಿನ ಮೈ ಕಪ್ಪಾಗಿದ್ದು, ಹೊಟ್ಟೆಯ ಹಿಂಭಾಗದಲ್ಲಿ ಕಿತ್ತಳೆ ಛಾಯೆಯ ಅಗಲವಾದ ಪಟ್ಟಿಯಿರುತ್ತದೆ. ಕಾಲಿನ ತುದಿಗಳು ಅರಿಸಿನದಲ್ಲಿ ಅದ್ದಿ ತೆಗೆದಂತಿರುತ್ತವೆ.

ಲೇಖನದಲ್ಲಿ ಕಣಜವೆಂದು ಅಚ್ಚಾದ ಚಿತ್ರದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅದು ಮಾರ್ಮಲೇಡ್ ಹೋವರ್‌ಫ್ಲೈ, ಅಂದರೆ ಕಣಜದ ವೇಷ ತೊಟ್ಟ ನೊಣ. ಕಣಜಕ್ಕೆ ಎರಡು ಜೊತೆ ರೆಕ್ಕೆ, ನೀಳವಾದ ಮೀಸೆ, ಸಪೂರ ಸೊಂಟ; ಈ ನೊಣಕ್ಕಾದರೋ ಒಂದೇ ಜೊತೆ ರೆಕ್ಕೆ, ಮೋಟು ಮೀಸೆ, ಮುಖವನ್ನೆಲ್ಲ ಆವರಿಸಿದ ಕಣ್ಣುಗಳು. ಕುಟುಕುವುದಕ್ಕೆ ಕೊಂಡಿಯೇ ಇಲ್ಲ. ಇದರ ಮರಿಹುಳುಗಳು ಗಿಡಹೇನುಗಳನ್ನು ತಿಂದು ತೋಟಗಾರರಿಗೆ ಉಪಕಾರವನ್ನೇ ಮಾಡುತ್ತವೆ.

ಇಷ್ಟಾದರೂ ಎಲ್ಲ ಕೀಟಗಳೂ ಬರಿಗಣ್ಣಿಗೆ ದಕ್ಕುವುದಿಲ್ಲ. ಮೈತುಂಬ ರೋಮವಿರುವ ದಪ್ಪ ಜೇನುನೊಣಗಳಾದ ಬಂಬಲ್‌ಬೀಗಳಲ್ಲಿ ಬಿಳಿಬಾಲದ ಮತ್ತು ನಸುಹಳದಿಬಾಲದವುಗಳ ಕೆಲಸಗಾರ ಜೇನುಗಳನ್ನು ನೋಟದಿಂದಲೇ ಬೇರ್ಪಡಿಸುವುದು ಬಲ್ಲವರಿಗೂ ಕಷ್ಟವಾದ್ದರಿಂದ, ಅಂಥ ಕಡೆ 'ಬಂಬಲ್‌ಬೀ' ಎಂದಷ್ಟೇ ಬರೆದಿಟ್ಟರೆ ಸಾಕು. ಲೇಖನದ ಮುಂದಿನ ಕಂತಿನಲ್ಲಿ ಬೆನ್ನಿನ ಚಿತ್ರದ ಜೊತೆಗೆ ಕಾಲು ಮತ್ತು ಮೀಸೆ ಕಾಣುವಂತೆ ಪಕ್ಕದಿಂದ ತೆಗೆದ ಚಿತ್ರವನ್ನೂ, ಕೀಟದ ಅಳತೆಯನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ