ಸಂಬಂಧವಿಲ್ಲದ ಹೇಳಿಕೆಗೂ ಕಾರಣದ ಪಟ್ಟವೇಕೆ?

ಮಾನ್ಯ ಸಂಪಾದಕರೇ,

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವವರಿಗೆಂದು ತಮ್ಮ ಪತ್ರಿಕೆ ಪ್ರಕಟಿಸುವ ಮಾದರಿ ಪ್ರಶ್ನೆಗಳಲ್ಲಿ ತಾರ್ಕಿಕ ಸಾಮರ್ಥ್ಯದ ಭಾಗವನ್ನು ನಾನು ತಪ್ಪದೆ ಬಿಡಿಸುತ್ತೇನೆ. ಪರೀಕ್ಷೆ ಬರೆಯುವ ವಯಸ್ಸು ನನಗೆ ಎಂದೋ ದಾಟಿದೆ; ಬರೆಯಲಿರುವ ಕೆಲವರಿಗೆ ಸಂಜೆಯ ಹೊತ್ತು ರೀಸನಿಂಗ್ ಹೇಳಿಕೊಡುತ್ತಿದ್ದೇನೆ. ‘ಕಾರಣ ಮತ್ತು ಪರಿಣಾಮ’ ಎಂಬ ಬಗೆಯ ಪ್ರಶ್ನೆ ಎದುರಾದಾಗಲೆಲ್ಲ ನಮ್ಮ ತರಗತಿಯಲ್ಲಿ ಚರ್ಚೆ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುವುದರಿಂದ, ಆ ಜಾಗದ ಬಗ್ಗೆ ಪ್ರಶ್ನೆ ರಚಿಸುವವರ ಹಾಗೂ ಉತ್ತರ ಪ್ರಕಟಿಸುವವರ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ.

ಪ್ರಶ್ನೆಯ ರೂಪ ಓದುಗರಲ್ಲಿ ಹಲವರಿಗೆ ಗೊತ್ತಿರುವಂಥದ್ದೇ. ಎರಡು ಹೇಳಿಕೆಗಳಿರುತ್ತವೆ. ಮೊದಲನೆಯದು ಕಾರಣ, ಎರಡನೆಯದು ಪರಿಣಾಮ ಎಂಬುದು ಒಂದು ಆಯ್ಕೆ. ಅದನ್ನೇ ತಿರುಗಿಸಿದರೆ ಎರಡನೆಯ ಆಯ್ಕೆ. ಎರಡೂ ಸ್ವತಂತ್ರ ಕಾರಣಗಳು ಎಂಬುದು ಮೂರನೆಯದು, ಎರಡೂ ಬೇರೆ ಬೇರೆ ಕಾರಣಗಳ ಪರಿಣಾಮಗಳು ಎಂಬುದು ನಾಲ್ಕನೆಯದು, ಎರಡೂ ಒಂದೇ ಕಾರಣದಿಂದ ಹುಟ್ಟಿದ ಪರಿಣಾಮಗಳು ಎಂಬುದು ಐದನೆಯದು. ಹೇಳಿಕೆಗಳ ನಡುವೆ ಸಂಬಂಧವೇ ಇಲ್ಲ ಎಂದು ಕಂಡುಕೊಂಡ ಅಭ್ಯರ್ಥಿ ಮೂರು ಮತ್ತು ನಾಲ್ಕನೆಯ ಆಯ್ಕೆಗಳಲ್ಲಿ ಒಂದನ್ನು ಗುರುತಿಸಬೇಕು.

ಸಂಬಂಧವಿಲ್ಲ ಎಂದು ಕಂಡುಕೊಳ್ಳುವುದು ತೋರುವಷ್ಟು ಸುಲಭವಲ್ಲ. ‘ಬ್ಯಾಂಕುಗಳು ಗೃಹಸಾಲದ ಬಡ್ಡಿದರ ಇಳಿಸಿವೆ’, ‘ಬ್ಯಾಂಕುಗಳು ಗ್ರಾಹಕರ ಮೊಬೈಲ್ ಸಂಖ್ಯೆಗಳ ಮರುಪರಿಶೀಲನೆ ಆರಂಭಿಸಿವೆ’ ಎಂಬ ಎರಡು ಹೇಳಿಕೆಗಳನ್ನು ಕೊಟ್ಟು ನೋಡಿ. ಎರಡರಲ್ಲೂ ಬ್ಯಾಂಕು ಇದೆ, ಗ್ರಾಹಕರಿಗೆ ತಟ್ಟುವ ವಿಷಯವಿದೆ. ಅಷ್ಟಕ್ಕೇ ಮನಸ್ಸು ನಡುವೆ ದಾರ ಕಟ್ಟಲು ಶುರುಮಾಡುತ್ತದೆ. ಬಡ್ಡಿ ಇಳಿದರೆ ಸಾಲ ಕೇಳುವವರು ಹೆಚ್ಚುತ್ತಾರೆ, ಹೆಚ್ಚಿದರೆ ವಂಚನೆ ಹೆಚ್ಚುತ್ತದೆ, ಅದಕ್ಕಾಗಿ ಸಂಖ್ಯೆ ಪರಿಶೀಲಿಸುತ್ತಾರೆ ಎಂದು ಜಾಣ ವಿದ್ಯಾರ್ಥಿಯೊಬ್ಬ ಮೂರು ಮೆಟ್ಟಿಲಿನ ಏಣಿಯನ್ನೇ ಕಟ್ಟಿಬಿಡುತ್ತಾನೆ. ಆ ಮೆಟ್ಟಿಲುಗಳಲ್ಲಿ ಒಂದಾದರೂ ಹೇಳಿಕೆಯಲ್ಲಿಲ್ಲ. ಇದಕ್ಕೆ ಎದುರಾಗಿ, ‘ಡೀಸೆಲ್ ಬೆಲೆ ತೀವ್ರವಾಗಿ ಏರಿದೆ’, ‘ಮಾರುಕಟ್ಟೆಯಲ್ಲಿ ತರಕಾರಿ ದುಬಾರಿಯಾಗಿದೆ’ ಎಂಬ ಹೇಳಿಕೆಗಳಲ್ಲಿ ಒಂದು ಪದವೂ ಸಮಾನವಿಲ್ಲ. ಆದರೂ ಸಾಗಣೆ ವೆಚ್ಚ ಎಂಬ ಎಲ್ಲರಿಗೂ ತಿಳಿದ ಒಂದೇ ಕೊಂಡಿ ಅವೆರಡನ್ನೂ ಸೇರಿಸುತ್ತದೆ. ಎಲ್ಲರೂ ತಕರಾರಿಲ್ಲದೆ ಒಪ್ಪುವ ಒಂದು ಕೊಂಡಿಯವರೆಗೆ ಹೋಗಬಹುದು, ಎರಡನೆಯದನ್ನು ನಾವಾಗಿಯೇ ಕಲ್ಪಿಸಿಕೊಳ್ಳಬೇಕಾಗಿ ಬಂದರೆ ಅಲ್ಲಿಗೆ ನಿಲ್ಲಬೇಕು ಎಂದು ನಾನು ಹೇಳಿಕೊಡುತ್ತೇನೆ. ಇದು ಶಾಸ್ತ್ರವೇನಲ್ಲ, ರೂಢಿಯಿಂದ ಬಂದ ಅಳತೆ.

ಕನ್ನಡದಲ್ಲಿ ಯೋಚಿಸುವವರಿಗೆ ಇನ್ನೊಂದು ಸೂಕ್ಷ್ಮ ತೊಡಕಿದೆ. ಎರಡು ಹೇಳಿಕೆಗಳ ನಡುವೆ ‘ಆದ್ದರಿಂದ’ ಎಂಬ ಪದ ಇಟ್ಟು ಓದಿ ನೋಡಿ ಎಂದು ಅಭ್ಯಾಸ ಪುಸ್ತಕಗಳು ಸಲಹೆ ಕೊಡುತ್ತವೆ. ಆದರೆ ಮನಸ್ಸಿನೊಳಗೆ ನಾವು ‘ಆದ್ದರಿಂದ’ ಎಂದು ಹೇಳಿಕೊಳ್ಳುವುದು ಕಡಿಮೆ. ‘ಮಳೆ ಬಂದು ಕೆರೆ ತುಂಬಿತು’ ಎಂದೇ ಹೇಳಿಕೊಳ್ಳುತ್ತೇವೆ. ಈ ‘ಬಂದು’ ಎಂಬ ಒಂದೇ ರೂಪ ಒಮ್ಮೆ ಕಾರಣವನ್ನು ಹೇಳುತ್ತದೆ, ಇನ್ನೊಮ್ಮೆ ಬರೀ ಒಂದಾದ ಮೇಲೊಂದು ನಡೆದದ್ದನ್ನು ಹೇಳುತ್ತದೆ. ‘ಬಿದ್ದು ಕಾಲು ಮುರಿಯಿತು’ ಎಂಬಲ್ಲಿ ಬಿದ್ದದ್ದು ಕಾರಣ. ‘ಊಟ ಮಾಡಿ ಮಲಗಿದ’ ಎಂಬಲ್ಲಿ ಊಟ ನಿದ್ರೆಗೆ ಕಾರಣ ಎಂದು ಯಾರೂ ಹೇಳುವುದಿಲ್ಲ. ಎರಡೂ ಅರ್ಥಗಳನ್ನು ಒಂದೇ ಮಡಿಲಲ್ಲಿ ಇಟ್ಟುಕೊಂಡ ಈ ರೂಪವನ್ನು ಬಳಸಿ ಪರೀಕ್ಷಿಸಿದರೆ ಯಾವ ಎರಡು ಹೇಳಿಕೆಗಳಾದರೂ ಸಲೀಸಾಗಿ ಹೊಂದಿಕೊಳ್ಳುತ್ತವೆ. ಹಾಗಾಗಿ ‘ಮೊದಲನೆಯದು ನಡೆಯದೇ ಇದ್ದಿದ್ದರೆ ಎರಡನೆಯದು ನಡೆಯುತ್ತಿತ್ತೇ?’ ಎಂದು ಕೇಳಿಕೊಳ್ಳುವುದು ಹೆಚ್ಚು ಕ್ಷೇಮ. ಅದೂ ಪೂರ್ತಿ ಸಾಲದು, ಏಕೆಂದರೆ ಒಂದು ಪರಿಣಾಮಕ್ಕೆ ಹಲವು ಕಾರಣಗಳಿರಬಹುದು. ಆದರೂ ಸುಳ್ಳು ಕೊಂಡಿಗಳಲ್ಲಿ ಬಹುಪಾಲನ್ನು ಅದು ಕಳಚಿಹಾಕುತ್ತದೆ.

ನಮ್ಮ ಪ್ರಾಚೀನ ತರ್ಕಶಾಸ್ತ್ರವಾದ ನ್ಯಾಯದರ್ಶನದವರು ಈ ಹಾದಿಯನ್ನು ಬಹಳ ಹಿಂದೆಯೇ ತುಳಿದಿದ್ದಾರೆ. ಕಾರ್ಯಕ್ಕೆ, ಅಂದರೆ ಪರಿಣಾಮಕ್ಕೆ, ಮುಂಚೆ ಇದ್ದದ್ದೆಲ್ಲ ಕಾರಣವಲ್ಲ, ಅದು ತಪ್ಪದೆ ಮುಂಚೆ ಇರಬೇಕು, ಜೊತೆಗೆ ಅನ್ಯಥಾಸಿದ್ಧವಾಗಿರಬಾರದು (ಕಾರ್ಯ ಹುಟ್ಟಲು ಅದರ ಅಗತ್ಯವೇ ಇಲ್ಲ ಎಂಬಂತಿರಬಾರದು) ಎಂದು ಅವರು ಲಕ್ಷಣ ಹೇಳಿ, ಕುಂಬಾರನ ಕತ್ತೆಯನ್ನು ಉದಾಹರಣೆಗೆ ತಂದರು. ಮಡಕೆ ಹುಟ್ಟುವುದಕ್ಕೆ ಮೊದಲು ಮಣ್ಣು, ಚಕ್ರ, ಕೋಲು ಎಲ್ಲವೂ ಇದ್ದವು, ಕತ್ತೆಯೂ ಇತ್ತು. ಆದರೆ ಮಡಕೆಯ ಕಾರಣಗಳ ಸಾಲಿನಲ್ಲಿ ಕತ್ತೆಗೆ ಜಾಗವಿಲ್ಲ, ಅದಿಲ್ಲದೆಯೂ ಮಡಕೆ ಆಗುತ್ತದೆ. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋದದ್ದನ್ನು ಕಾಕತಾಳೀಯ ಎಂದು ಕರೆಯುವ ಮಾತು ಇಂದಿಗೂ ನಮ್ಮ ಬಾಯಲ್ಲಿದೆ. ತರಗತಿಯಲ್ಲಿ ಯಾರಾದರೂ ಎಳೆದಾಡಿ ಸಂಬಂಧ ಕಟ್ಟಿದರೆ ‘ಇಲ್ಲಿ ಕತ್ತೆ ಯಾವುದು?’ ಎಂದು ಉಳಿದವರು ಕೇಳುವುದು ಈಗ ವಾಡಿಕೆಯಾಗಿದೆ.

ಐದನೆಯ ಆಯ್ಕೆಯೊಂದಿಗೆ ಗೊಂದಲವಾಗುವುದೂ ಉಂಟು. ವಾಯುಭಾರಮಾಪಕದಲ್ಲಿ ಪಾದರಸ ಇಳಿಯುತ್ತದೆ, ಆಮೇಲೆ ಬಿರುಗಾಳಿ ಬೀಸುತ್ತದೆ. ಇಳಿದದ್ದು ಬಿರುಗಾಳಿಗೆ ಕಾರಣವಲ್ಲ, ಹಾಗೆಂದು ಎರಡೂ ಪರಸ್ಪರ ಅಪರಿಚಿತವೂ ಅಲ್ಲ, ವಾತಾವರಣದ ಒತ್ತಡ ಕುಸಿದದ್ದು ಎರಡಕ್ಕೂ ಮೂಲ. ಅಂಥ ಮೂಲವೊಂದನ್ನು ಖಚಿತವಾಗಿ ಹೆಸರಿಸಲು ಬಂದರೆ ಐದನೆಯ ಆಯ್ಕೆ, ‘ಆರ್ಥಿಕ ಪರಿಸ್ಥಿತಿ’, ‘ಜನರ ಮನೋಭಾವ’ ಎಂಬಂಥ ಎಲ್ಲದಕ್ಕೂ ಹೊಂದುವ ಜೋಳಿಗೆಯಂಥ ಹೆಸರೇ ಗತಿಯಾದರೆ ಅಲ್ಲ.

ಇಷ್ಟೆಲ್ಲ ದಾಟಿ, ಹೇಳಿಕೆಗಳು ಸಂಬಂಧವಿಲ್ಲದವು ಎಂದು ಸರಿಯಾಗಿ ತೀರ್ಮಾನಿಸಿದವನ ಮುಂದೆ ಮೂರು ಮತ್ತು ನಾಲ್ಕನೆಯ ಆಯ್ಕೆಗಳು ನಿಲ್ಲುತ್ತವೆ. ನನ್ನ ತಕರಾರು ಇರುವುದು ಇಲ್ಲಿ. ಕಾರಣ ಎಂಬುದು ಅಣ್ಣ ಎಂಬಂಥ ಪದ. ಅಣ್ಣನಾಗಲು ತಮ್ಮನೋ ತಂಗಿಯೋ ಇರಬೇಕು; ಒಂಟಿ ಮಗುವನ್ನು ತೋರಿಸಿ ‘ಇವನು ಅಣ್ಣನೋ ತಮ್ಮನೋ’ ಎಂದು ಕೇಳಿದರೆ ಉತ್ತರವಿಲ್ಲ. ‘ವಿಮಾನಯಾನ ಸಂಸ್ಥೆಗಳು ಟಿಕೆಟ್ ದರ ಏರಿಸಿವೆ’ ಎಂಬ ಒಂಟಿ ಹೇಳಿಕೆ ಕಾರಣವೇ, ಪರಿಣಾಮವೇ? ಅದರಿಂದ ಪ್ರಯಾಣಿಕರು ಕಡಿಮೆಯಾದರೆ ಕಾರಣ, ಇಂಧನ ದುಬಾರಿಯಾಗಿ ಹೀಗೆ ಮಾಡಿದ್ದರೆ ಪರಿಣಾಮ. ಎರಡನ್ನೂ ಹೇಳದೆ ಒಂದು ಹೆಸರು ಕೊಡಿ ಎಂದರೆ ಅಭ್ಯರ್ಥಿ ಏನು ಮಾಡಬೇಕು?

ಕರ್ತೃವೊಬ್ಬನಿದ್ದು ಏನನ್ನಾದರೂ ‘ಮಾಡಿದರೆ’ ಕಾರಣ, ತಾನಾಗಿ ಏನಾದರೂ ‘ಆದರೆ’ ಪರಿಣಾಮ ಎಂಬ ಸುಲಭಸೂತ್ರವೊಂದು ತರಬೇತಿಯ ವಲಯದಲ್ಲಿ ಓಡಾಡುತ್ತಿದೆ. ಅದರ ಪ್ರಕಾರ ‘ದರ ಏರಿದೆ’ ಎಂದರೆ ಪರಿಣಾಮ, ‘ದರ ಏರಿಸಿದ್ದಾರೆ’ ಎಂದರೆ ಕಾರಣ. ನಡೆದ ಸಂಗತಿ ಒಂದೇ, ನಡುವೆ ಸೇರಿದ್ದು ‘ಇಸು’ ಎಂಬ ಒಂದು ಪ್ರತ್ಯಯ. ವ್ಯಾಕರಣದ ಪ್ರತ್ಯಯವೊಂದು ಲೋಕದ ಪರಿಣಾಮವನ್ನು ಕಾರಣವಾಗಿ ಬದಲಿಸಬಲ್ಲದು ಎಂದು ನಂಬುವುದು ನನ್ನಿಂದಾಗದು. ಪ್ರವಾಹ ‘ಆಗುತ್ತದೆ’, ಅದಕ್ಕಾಗಿ ಶಾಲೆಗೆ ರಜೆ ‘ಕೊಡುತ್ತಾರೆ’ ಎಂಬ ಸರಳ ಉದಾಹರಣೆಯ ಮುಂದೆಯೇ ಆ ಸೂತ್ರ ತಲೆಕೆಳಗಾಗುತ್ತದೆ.

ಇದು ಬರೀ ತತ್ವದ ಗುದ್ದಾಟವಲ್ಲ, ಅಂಕದ ಲೆಕ್ಕವೂ ಹೌದು. ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ ಕಾಲು ಅಂಕ ಕಡಿತ ಎಂಬ ಪದ್ಧತಿಯಲ್ಲಿ, 5 ಆಯ್ಕೆಗಳ ನಡುವೆ ಕಣ್ಣುಮುಚ್ಚಿ ಊಹಿಸುವವನಿಗೆ ಸರಾಸರಿಯಲ್ಲಿ ದಕ್ಕುವುದು ಸೊನ್ನೆ. ಊಹೆಗೆ ಲಾಭವಿರಬಾರದು ಎಂಬುದೇ ಆ ಕಡಿತದ ಉದ್ದೇಶ. ಆದರೆ ಸಂಬಂಧವಿಲ್ಲ ಎಂದು ತರ್ಕದಿಂದಲೇ ಕಂಡುಕೊಂಡು, ಉಳಿದ 2 ಆಯ್ಕೆಗಳ ನಡುವೆ ನಾಣ್ಯ ಚಿಮ್ಮಿದವನಿಗೆ ಸಿಗುವ ಸರಾಸರಿ 1 ಅಂಕದ 8ರಲ್ಲಿ 3 ಪಾಲು ಮಾತ್ರ. ಮಾಡಬೇಕಾದ ಯೋಚನೆಯನ್ನೆಲ್ಲ ಮಾಡಿ ಮುಗಿಸಿದವನ ಅಂಕದಲ್ಲಿ ಅರ್ಧಕ್ಕಿಂತ ಹೆಚ್ಚು ನಾಣ್ಯದ ಪಾಲಾಗುತ್ತದೆ.

ಆದ್ದರಿಂದ ಮೂರು ಮತ್ತು ನಾಲ್ಕನೆಯ ಆಯ್ಕೆಗಳನ್ನು ಸೇರಿಸಿ ‘ಹೇಳಿಕೆಗಳ ನಡುವೆ ಸಂಬಂಧವಿಲ್ಲ’ ಎಂಬ ಒಂದೇ ಆಯ್ಕೆ ಮಾಡಬೇಕೆಂದು ಪ್ರಶ್ನೆ ರಚಿಸುವವರಲ್ಲಿ ಕೇಳಿಕೊಳ್ಳುತ್ತೇನೆ. ಎರಡನ್ನೂ ಉಳಿಸಿಕೊಳ್ಳಲೇಬೇಕೆಂದಿದ್ದರೆ, ‘ಭಾರಿ ಮಳೆಯಿಂದಾಗಿ ರೈಲು ಸಂಚಾರ ಸ್ಥಗಿತಗೊಂಡಿದೆ’ ಎಂಬಂತೆ ಹೇಳಿಕೆಯೊಳಗೇ ಅದು ಯಾವುದರ ಪರಿಣಾಮ ಎಂಬುದರ ಸುಳಿವು ಇರಲಿ. ಆಗ ಅಭ್ಯರ್ಥಿ ಓದಿ ತಿಳಿಯುತ್ತಾನೆ, ಊಹಿಸುವುದಿಲ್ಲ. ತಮ್ಮ ಪತ್ರಿಕೆಯಲ್ಲಿಯೂ ಇಂಥ ಪ್ರಶ್ನೆಗಳಿಗೆ ಬರೀ ಆಯ್ಕೆಯ ಸಂಖ್ಯೆ ಮುದ್ರಿಸುವ ಬದಲು, ಸಂಬಂಧವಿಲ್ಲ ಎನ್ನಲು ಏನು ಆಧಾರ ಎಂಬುದನ್ನು ಎರಡು ಸಾಲಿನಲ್ಲಿ ವಿವರಿಸಿದರೆ ನನ್ನಂಥವರಿಗೆ ಉಪಕಾರವಾಗುತ್ತದೆ. ನಮ್ಮ ಸಂಜೆಯ ತರಗತಿಯಲ್ಲಿ ಸದ್ಯಕ್ಕೆ ಆ ಎರಡು ಆಯ್ಕೆಗಳಲ್ಲಿ ಯಾವುದನ್ನು ಗುರುತಿಸಿದರೂ ಪೂರ್ತಿ ಅಂಕ ಕೊಡುತ್ತಿದ್ದೇನೆ. ನಿಜವಾದ ಪರೀಕ್ಷೆಯಲ್ಲಿ ಆ ಸೌಲಭ್ಯ ಇಲ್ಲ ಎಂದು ಪ್ರತಿ ಸಲವೂ ಅವರಿಗೆ ನೆನಪಿಸಬೇಕಾಗಿ ಬರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ